1966ರ ಎಂಜಿಬಿ ರೋಡ್‌ಸ್ಟರ್: ಓವರ್‌ಡ್ರೈವ್, ವೈರ್ ಚಕ್ರ ಅಬಿಂಗ್ಡನ್ ಕಾರ್ಖಾನೆಯಲ್ಲೇ ಹಾಕಿದ್ದೋ, ಆಮೇಲೆ ಬಂದದ್ದೋ? ಪತ್ತೆ ಹೇಗೆ?

ಕಾವೇರಿ_ಕವೆಂಟ್ರಿ:
ಮಿಡ್‌ಲ್ಯಾಂಡ್ಸ್‌ನಲ್ಲಿ ಮಾರಾಟಕ್ಕಿರುವ 1966ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು) ಬಗ್ಗೆ ನಿಮ್ಮೆಲ್ಲರ ಸಲಹೆ ಬೇಕು. ಬಲಗೈ ಚಾಲನೆ, ಬ್ರಿಟನ್ನಿನ ಮಾರುಕಟ್ಟೆಗೆಂದೇ ತಯಾರಾದ ಗಾಡಿ. ಚಾಸಿ ನಂಬರಿನ ಶುರು ಜಿಎಚ್‌ಎನ್3. ಈಗಿನ ಬಣ್ಣ ಕೆಂಪು. ಜಾಹೀರಾತಿನಲ್ಲಿ "ಓವರ್‌ಡ್ರೈವ್, ವೈರ್ ಚಕ್ರ, ಹೀಟರ್, ಮಡಿಚುವ ಹುಡ್ ಎಲ್ಲವೂ ಕಾರ್ಖಾನೆಯಿಂದ" ಎಂದು ಬರೆದಿದ್ದಾರೆ. (ಓವರ್‌ಡ್ರೈವ್ ಎಂದರೆ ಅದೇ ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರ್ ಘಟಕ, ವೈರ್ ಚಕ್ರ ಎಂದರೆ ತಂತಿ ಕಡ್ಡಿಗಳ ಚಕ್ರ, ಹುಡ್ ಎಂದರೆ ಬಟ್ಟೆಯ ಛಾವಣಿ.) ಕಾಗದ ಅಂತ ಇರುವುದು ಈಗಿನ ವಿ5ಸಿ (ಬ್ರಿಟನ್ನಿನ ನೋಂದಣಿ ಪತ್ರ) ಒಂದೇ. ಮಾರುವವರು ಕೇಳಿದ ಫೋಟೋ ಕಳಿಸಲು ಒಪ್ಪಿದ್ದಾರೆ. ಯಾವುದರ ಫೋಟೋ ಕೇಳಲಿ, ಯಾವುದನ್ನು ಎಷ್ಟು ನಂಬಲಿ?

ಹಳೇ_ಲಾಗ್‌ಬುಕ್:
ಮೊದಲು ಕಾಗದ, ಆಮೇಲೆ ಕಬ್ಬಿಣ. ಈ ಕ್ರಮ ತಪ್ಪಿಸಬೇಡಿ. ಗಾಡಿಯಲ್ಲಿ ಈಗ ಏನಿದೆ ಎಂಬುದು ಅದು ಕಾರ್ಖಾನೆ ಬಿಡುವಾಗ ಏನಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಎಂಜಿಬಿಯ ಬಹುತೇಕ ಎಲ್ಲ ಬಿಡಿಭಾಗವೂ ಇಂದಿಗೂ ಹೊಸದಾಗಿ ಸಿಗುತ್ತದೆ. ಒಂದು ವಾರಾಂತ್ಯದಲ್ಲಿ ಸಾದಾ ಗಾಡಿಯನ್ನು ಎಲ್ಲ ಆಯ್ಕೆಗಳಿರುವ ಗಾಡಿ ಮಾಡಿಬಿಡಬಹುದು.

ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕೊಡುವ ಹೆರಿಟೇಜ್ ಸರ್ಟಿಫಿಕೇಟೇ ಇಲ್ಲಿ ಮೂಲ ಆಧಾರ. ಕಾರ್ಖಾನೆಯ ಉತ್ಪಾದನಾ ದಾಖಲೆ ಅವರ ಸಂಗ್ರಹದಲ್ಲಿದೆ. ಅದರಿಂದ ಚಾಸಿ ನಂಬರ್, ಎಂಜಿನ್ ನಂಬರ್, ಬಾಡಿ ನಂಬರ್, ಹೊರಬಣ್ಣ, ಒಳಗಿನ ಟ್ರಿಮ್ ಬಣ್ಣ, ತಯಾರಾದ ಮತ್ತು ರವಾನೆಯಾದ ದಿನಾಂಕ, ಯಾವ ಮಾರುಕಟ್ಟೆಗೆ ಹೋಯಿತು, ಅಸೆಂಬ್ಲಿ ಹೊತ್ತಿನಲ್ಲಿ ಯಾವ ಆಯ್ಕೆ ಹಾಕಿದರು ಎಂಬುದನ್ನು ತೆಗೆದು ಕೊಡುತ್ತಾರೆ.

ಅದರ ಮಿತಿಯೂ ತಿಳಿದಿರಲಿ. ಡೀಲರ್ ಅಂಗಡಿಯಲ್ಲಿ ಹಾಕಿಸಿದ್ದು ಆ ದಾಖಲೆಗೆ ಬರುವುದೇ ಇಲ್ಲ. ಲಗೇಜ್ ರ‍್ಯಾಕ್, ಬ್ಯಾಡ್ಜ್ ಬಾರ್, ಪಕ್ಕದ ಕನ್ನಡಿ, ಫಾಗ್ ಲ್ಯಾಂಪ್ ಇಂಥವನ್ನು ಹೆಚ್ಚಿನವರು ಗಾಡಿ ಒಯ್ಯುವ ದಿನ ಡೀಲರ್ ಹತ್ತಿರವೇ ಹಾಕಿಸಿಕೊಳ್ಳುತ್ತಿದ್ದರು. ಹೀಗಾಗಿ ಸರ್ಟಿಫಿಕೇಟಿನಲ್ಲಿ ಇಲ್ಲದ ವಸ್ತು ಆ ಕಾಲದ್ದಲ್ಲ ಎಂದು ತೀರ್ಮಾನಿಸಬಾರದು. ಅಬಿಂಗ್ಡನ್ ಸಾಲಿನಲ್ಲಿ ಹಾಕಿದ್ದಲ್ಲ ಎಂಬುದಷ್ಟೇ ಅದರ ಅರ್ಥ.

ವಿ5ಸಿ ಆಯ್ಕೆಗಳ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಅದರಲ್ಲಿರುವ ಎಂಜಿನ್ ನಂಬರನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಎಪ್ಪತ್ತರ ದಶಕದ ಮೊದಲಿನ ಹಳೆಯ ಲಾಗ್‌ಬುಕ್ ಇದೆಯೇ ಎಂದೂ ಕೇಳಿ. ಬಣ್ಣ, ಎಂಜಿನ್ ಬದಲಾದರೆ ಅದರಲ್ಲಿ ನಮೂದಿಸಿ ಮುದ್ರೆ ಒತ್ತುತ್ತಿದ್ದರು. ಇಲ್ಲವೆಂದಾದರೆ, ಗಾಡಿ ಮೊದಲು ನೋಂದಣಿಯಾದ ಕೌಂಟಿಯ ದಾಖಲೆ ಕಚೇರಿಯಲ್ಲೋ ಹಿಂದೆ ಕಿಟ್‌ಹೆಡ್ ಟ್ರಸ್ಟ್ ಎಂಬ ಹೆಸರಿದ್ದ ದಾಖಲೆ ಸಂಗ್ರಹದಲ್ಲೋ ಆ ರಿಜಿಸ್ಟರ್ ಉಳಿದಿದೆಯೇ ವಿಚಾರಿಸಬಹುದು. ಎಲ್ಲ ಕೌಂಟಿಗಳದ್ದೂ ಉಳಿದಿಲ್ಲ.

ಅರ್ಧ_ಇಂಚು_ಸ್ಪ್ಯಾನರ್:
ಮೇಲಿನವರು ಹೇಳಿದ ಕ್ರಮ ಸರಿ. ಆದರೆ ಸರ್ಟಿಫಿಕೇಟ್ ಹೇಳುವುದು ಒಂದು *ನಂಬರಿನ* ಕಥೆ. ಆ ನಂಬರಿನ ಪ್ಲೇಟು ಈ ಬಾಡಿಗೇ ಸೇರಿದ್ದು ಎಂದು ಖಚಿತಪಡಿಸಿಕೊಳ್ಳುವುದು ನಮ್ಮ ಕೆಲಸ. ಎಂಜಿಬಿಯ ಚಾಸಿ ಪ್ಲೇಟ್ ರಿವೆಟ್ ಹೊಡೆದು ಕೂರಿಸಿದ ತೆಳು ತಗಡು, ಡ್ರಿಲ್ ಇದ್ದವರು ಎರಡು ನಿಮಿಷದಲ್ಲಿ ಬಿಚ್ಚುತ್ತಾರೆ.

ಆದ್ದರಿಂದ ಮೊದಲ ಫೋಟೋ: ಬಾನೆಟ್ ಕೆಳಗಿನ ಚಾಸಿ ಪ್ಲೇಟ್, ರಿವೆಟ್‌ಗಳ ತಲೆ ಸ್ಪಷ್ಟವಾಗಿ ಕಾಣುವಂತೆ. ಎರಡನೆಯದು: ಬಾನೆಟ್ ಬೀಗ ಕೂರುವ ಅಡ್ಡ ಫಲಕದ ಮೇಲಿನ ಬಾಡಿ ನಂಬರ್. ಬಾಡಿ ನಂಬರ್ ಮತ್ತು ಚಾಸಿ ನಂಬರ್ ಬೇರೆ ಬೇರೆ ಸರಣಿಯವು, ಒಂದೇ ಆಗಿರಬೇಕೆಂದಿಲ್ಲ. ಸ್ವಿಂಡನ್‌ನಲ್ಲಿ ಪ್ರೆಸ್ಡ್ ಸ್ಟೀಲ್ ಕಂಪನಿ ಕಟ್ಟಿದ ಬಾಡಿ ಕವೆಂಟ್ರಿಯ ಮೋರಿಸ್ ಬಾಡೀಸ್‌ಗೆ ಹೋಗಿ ಬಣ್ಣ, ಟ್ರಿಮ್ ಆಗಿ ಅಬಿಂಗ್ಡನ್‌ಗೆ ಬರುತ್ತಿತ್ತು. ಕಟ್ಟಿದ ಸರದಿಯಲ್ಲೇ ಅವು ಸಾಲಿಗೆ ಸೇರುತ್ತಿರಲಿಲ್ಲ. ಸರ್ಟಿಫಿಕೇಟಿನ ಬಾಡಿ ನಂಬರೂ ಗಾಡಿಯ ಬಾಡಿ ನಂಬರೂ ತಾಳೆಯಾದರೆ ದೊಡ್ಡ ಅನುಮಾನವೊಂದು ಕಳೆಯುತ್ತದೆ. ಚಾಸಿ ಪ್ಲೇಟ್ ಬದಲಿಸುವವರಲ್ಲಿ ಅನೇಕರಿಗೆ ಈ ಎರಡನೇ ತಗಡಿನ ನೆನಪಿರುವುದಿಲ್ಲ.

1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹೊಸ ಎಂಜಿಬಿ ಬಾಡಿಶೆಲ್‌ಗಳನ್ನೇ (ಗಾಡಿಯ ಬರೀ ಲೋಹದ ಒಡಲು) ತಯಾರಿಸಿ ಮಾರುತ್ತಿದೆ ಎಂಬುದೂ ಗಮನದಲ್ಲಿರಲಿ. ಹಳೆ ಶೆಲ್ ತುಕ್ಕು ಹಿಡಿದು ಹೊಸದಕ್ಕೆ ಎಲ್ಲವನ್ನೂ ವರ್ಗಾಯಿಸಿದ ಗಾಡಿಗಳು ಬಹಳ ಇವೆ. ಗಾಡಿಯಾಗಿ ಅವು ಚೆನ್ನಾಗಿಯೇ ಇರುತ್ತವೆ. ಆದರೆ ರಂಧ್ರ, ಬ್ರ್ಯಾಕೆಟ್, ಅಡಿಬಣ್ಣ ನೋಡಿ ಆಯ್ಕೆಗಳನ್ನು ಊಹಿಸುವ ದಾರಿ ಅಂಥ ಗಾಡಿಯಲ್ಲಿ ಮುಚ್ಚಿಹೋಗಿರುತ್ತದೆ, ಕಾಗದ ಮಾತ್ರ ಉಳಿಯುತ್ತದೆ.

ಇನ್ನು ಎಂಜಿನ್ ನಂಬರ್. ಬ್ಲಾಕಿನ ಬಲಗಡೆ, ಡಿಸ್ಟ್ರಿಬ್ಯೂಟರ್ ಇರುವ ಪಕ್ಕದಲ್ಲಿ, ಸಣ್ಣ ತಗಡಿನ ಮೇಲೆ ಇರುತ್ತದೆ. ಓವರ್‌ಡ್ರೈವ್ ವಿಷಯದಲ್ಲಿ ಇದು ಬಹಳ ಹೇಳುತ್ತದೆ. 1966ರ ಗಾಡಿಯಲ್ಲಿ ಇರಬೇಕಾದ್ದು 18ಜಿಬಿ, ಅಂದರೆ 1964ರ ಅಕ್ಟೋಬರ್‌ನಲ್ಲಿ ಬಂದ ಐದು ಬೇರಿಂಗಿನ 1798 ಸಿಸಿ ಎಂಜಿನ್. ಆಮೇಲಿನ ಅಕ್ಷರಗಳನ್ನು ಓದಿ:

18ಜಿಬಿ-ಯು-ಎಚ್ ಎಂದಿದ್ದರೆ ಸಾದಾ ಗೇರ್‌ಬಾಕ್ಸ್.
18ಜಿಬಿ-ಆರ್‌ಯು-ಎಚ್ ಎಂದಿದ್ದರೆ ಓವರ್‌ಡ್ರೈವ್ ಗೇರ್‌ಬಾಕ್ಸ್.

ಕೊನೆಯ ಎಚ್ ಹೆಚ್ಚಿನ ಕಂಪ್ರೆಶನ್, 8.8ಕ್ಕೆ 1. ಎಲ್ ಎಂದಿದ್ದರೆ ಕಡಿಮೆ ಕಂಪ್ರೆಶನ್. ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಘಟಕವಾಗಿ ಜೋಡಣೆಯಾಗಿ ಬರುತ್ತಿದ್ದುದರಿಂದ ಗೇರ್‌ಬಾಕ್ಸಿನ ಸಂಗತಿ ಎಂಜಿನ್ ನಂಬರಿನಲ್ಲಿ ಸೇರಿಕೊಂಡಿದೆ.

ಮುಖ್ಯ ಎಚ್ಚರಿಕೆ: ನಂಬರ್ 48ಜಿ ಎಂದು ಶುರುವಾದರೆ ಅದು ಎಂಜಿಯ ಮಾತೃಸಂಸ್ಥೆ ಬಿಎಂಸಿಯ ಗೋಲ್ಡ್ ಸೀಲ್ ಬದಲಿ ಎಂಜಿನ್. ಮೂಲ ಎಂಜಿನ್ ಕೈಕೊಟ್ಟಾಗ ಡೀಲರ್ ಮೂಲಕ ಹಾಕಿದ್ದು. ಅದರಿಂದ ಓವರ್‌ಡ್ರೈವ್ ಇತ್ತೋ ಇಲ್ಲವೋ ತಿಳಿಯುವುದಿಲ್ಲ.

ಟಿಆರ್_ಬಳಗ:
ಟ್ರಯಂಫ್‌ನಲ್ಲಿ ಇದು ಇನ್ನೂ ಸುಲಭ. ಟಿಆರ್4ರಿಂದ ಟಿಆರ್6ವರೆಗಿನ ಗಾಡಿಗಳ ಕಮಿಷನ್ ನಂಬರಿನ (ಚಾಸಿ ನಂಬರಿಗೆ ಸಮನಾದದ್ದು) ಕೊನೆಯಲ್ಲಿ ಓ ಅಕ್ಷರ ಬಂದರೆ ಓವರ್‌ಡ್ರೈವ್, ಎಲ್ ಬಂದರೆ ಎಡಗೈ ಚಾಲನೆ. ಆದರೆ ಖಾಲಿ ಕಮಿಷನ್ ಪ್ಲೇಟುಗಳು ಇಂದು ಬಿಡಿಯಾಗಿ ಮಾರಾಟಕ್ಕಿವೆ, ಓ ಸೇರಿಸಿ ಒತ್ತುವುದು ಕಷ್ಟವಲ್ಲ. ಒತ್ತಿದ ಅಂಕಿಗಳ ಆಳ, ಸಾಲು, ಅಕ್ಷರದ ಆಕಾರ ನೋಡಬೇಕು. ಕೊನೆಯ ಓ ಮಾತ್ರ ಬೇರೆ ಅಚ್ಚಿನದ್ದೋ ಆಳ ಬೇರೆಯೋ ಆಗಿದ್ದರೆ ಸರ್ಟಿಫಿಕೇಟ್ ಬರುವವರೆಗೆ ನಂಬಬೇಡಿ.

ಚಕ್ರ_ಪರೀಕ್ಷಕ:
ವೈರ್ ಚಕ್ರದ ಬಗ್ಗೆ ಬರೆಯುತ್ತೇನೆ, ಹೆಚ್ಚು ಜನ ಎಡವುವುದು ಅಲ್ಲೇ.

ಮುಂದಿನ ಚಕ್ರ ನೋಡಿ ಏನನ್ನೂ ನಿರ್ಧರಿಸಬೇಡಿ. ಮುಂದೆ ಹಬ್ ಬದಲಿಸಿದರೆ ಸಾಕು, ವೈರ್ ಚಕ್ರ ಕೂರುತ್ತದೆ. ಹಿಂದುಗಡೆಯ ಆಕ್ಸಲ್ ಅಡಿಯಿಂದ ನೋಡಿ. ನಿಮ್ಮ ಗಾಡಿ 1966ರ *ರೋಡ್‌ಸ್ಟರ್* ಆಗಿರುವುದರಿಂದ ಬ್ಯಾಂಜೋ ಆಕ್ಸಲ್ ಇರಬೇಕು. ನಡುವೆ ದುಂಡಗಿನ, ಒಂದೇ ತುಂಡಿನ ಹೊಟ್ಟೆ, ಮುಂದಿನಿಂದ ಕಳಚುವ ಡಿಫರೆನ್ಶಿಯಲ್. ಗಟ್ಟಿ ಛಾವಣಿಯ ಜಿಟಿ ಮಾದರಿ 1965ರಲ್ಲಿ ಬಂದಾಗಿನಿಂದಲೇ ಸಾಲಿಸ್‌ಬರಿ ಮಾದರಿಯ ಕೊಳವೆ ಆಕ್ಸಲ್ ಪಡೆಯಿತು. ಅದರಲ್ಲಿ ಎರಕದ ನಡುಭಾಗಕ್ಕೆ ಎರಡೂ ಬದಿ ಕೊಳವೆ ಒತ್ತಿರುತ್ತಾರೆ, ಹಿಂದೆ ಬೋಲ್ಟ್ ಹಾಕಿದ ಮುಚ್ಚಳ ಇರುತ್ತದೆ. ರೋಡ್‌ಸ್ಟರ್‌ಗೆ ಅದು ಸಿಕ್ಕಿದ್ದು 1967ರಲ್ಲಿ. 1966ರ ರೋಡ್‌ಸ್ಟರ್ ಕೆಳಗೆ ಹಿಂಮುಚ್ಚಳದ ಆಕ್ಸಲ್ ಕಂಡರೆ ಅದು ಬೇರೆ ಗಾಡಿಯದ್ದು. ಅದರ ಜೊತೆ ಬಂದ ವೈರ್ ಚಕ್ರವೂ ಬೇರೆ ಗಾಡಿಯದ್ದೇ ಇರಬೇಕು.

ಕೊಳವೆ ಆಕ್ಸಲಿನ ವೈರ್ ಚಕ್ರದ ಕೇಸಿಂಗ್ ಡಿಸ್ಕ್ ಚಕ್ರದ್ದಕ್ಕಿಂತ (ಸಾದಾ ಉಕ್ಕಿನ ಚಕ್ರ) ಅಗಲ ಕಡಿಮೆ. ಡಿಸ್ಕ್ ಚಕ್ರದ ಆಕ್ಸಲಿಗೆ ಬೋಲ್ಟ್ ಹಾಕುವ ಅಡಾಪ್ಟರ್ ಹಬ್ ಕೂರಿಸಿ ವೈರ್ ಚಕ್ರ ಹಾಕಿದರೆ ಚಕ್ರ ಹೊರಗೆ ತಳ್ಳಿ ನಿಲ್ಲುತ್ತದೆ. ತಿರುವಿನಲ್ಲಿ ಟಯರ್ ಹಿಂದಿನ ರೆಕ್ಕೆಯ ಒಳಅಂಚಿಗೆ ಉಜ್ಜುತ್ತದೆ. ಟಯರಿನ ಹೊರಗೋಡೆಯಲ್ಲಿ ಗೀರು, ರೆಕ್ಕೆಯ ಒಳಮಡಿಕೆಯನ್ನು ಸುತ್ತಿಗೆಯಿಂದ ಒತ್ತಿ ಮಡಿಚಿದ ಗುರುತು ಹುಡುಕಿ. ಅಡಾಪ್ಟರ್ ಇದ್ದರೆ ಚಕ್ರ ಕಳಚಿದಾಗ ಸ್ಪ್ಲೈನ್ (ಹಲ್ಲುಗಳಿರುವ) ಹಬ್ಬಿನ ಬುಡದಲ್ಲಿ ನಾಲ್ಕು ನಟ್ ಕಾಣುತ್ತವೆ. ಕಾರ್ಖಾನೆಯ ವೈರ್ ಚಕ್ರದ ಹಬ್ಬಿನಲ್ಲಿ ಅವು ಇರುವುದಿಲ್ಲ.

ನಡುವಿನ ನಟ್‌ನ ಮರೆಯನ್ನೂ (ತಿರುಪಿನ ಸುರುಳಿ ಗೀರು, ಥ್ರೆಡ್) ಎಣಿಸಿ. ಎಂಜಿಎ ಮತ್ತು ಆರಂಭದ ಎಂಜಿಬಿಗಳಲ್ಲಿ ಇಂಚಿಗೆ 12 ಮರೆ, ಆಮೇಲಿನವುಗಳಲ್ಲಿ ಇಂಚಿಗೆ 8. ಮುಂದೆ 12, ಹಿಂದೆ 8 ಎಂದು ಬೆರೆತಿದ್ದರೆ ಒಂದು ತುದಿ ಬೇರೆಡೆಯಿಂದ ಬಂದಿದೆ. ಇದು ಸುರಕ್ಷತೆಯ ಪ್ರಶ್ನೆಯೂ ಹೌದು. ಹೊಂದದ ನಟ್ ಒಂದೆರಡು ಸುತ್ತು ಹಿಡಿದಂತೆ ಕಾಣುತ್ತದೆ, ಸುತ್ತಿಗೆಯಲ್ಲಿ ಹೊಡೆದರೆ ಮರೆ ಹರಿದುಹೋಗುತ್ತದೆ.

ಗಾಡಿಯ ಬಲಗಡೆ ಎಡಮರೆ, ಎಡಗಡೆ ಬಲಮರೆ ಇರಬೇಕು. ಪಕ್ಕದಲ್ಲಿ ನಿಂತು ನೋಡಿದರೆ ನಟ್‌ನ ಮೇಲ್ಭಾಗ ಗಾಡಿಯ ಹಿಂಬದಿಗೆ ತಿರುಗಿದಾಗ ಬಿಗಿಯಾಗಬೇಕು. ಆಕ್ಸಲ್ ಜೋಡಿಸುವಾಗ ಹಬ್ ಅದಲುಬದಲಾದರೆ ಓಡುತ್ತಾ ಓಡುತ್ತಾ ನಟ್ ತಾನೇ ಸಡಿಲವಾಗುತ್ತದೆ. ಪರೀಕ್ಷಿಸದೆ ಓಡಿಸಲೇಬೇಡಿ.

ಕಾವೇರಿ_ಕವೆಂಟ್ರಿ:
ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ವಂದನೆ. ಓವರ್‌ಡ್ರೈವ್ ನಿಜಕ್ಕೂ ಇದೆಯೇ, ಬರೀ ಸ್ವಿಚ್ ಅಷ್ಟೇ ಇದೆಯೇ ಎಂದು ಓಡಿಸದೆ ತಿಳಿಯಬಹುದೇ?

ಅರ್ಧ_ಇಂಚು_ಸ್ಪ್ಯಾನರ್:
ಅಡಿಯಿಂದ ನೋಡಿದರೆ ಗೊತ್ತಾಗುತ್ತದೆ. ಗೇರ್‌ಬಾಕ್ಸಿನ ಹಿಂದೆ ಲೇಕಾಕ್ ಕಂಪನಿಯ ಓವರ್‌ಡ್ರೈವ್ ಘಟಕ ಬೇರೆಯಾಗಿ ಕಾಣುತ್ತದೆ, ಪಕ್ಕದಲ್ಲಿ ಸೊಲೆನಾಯ್ಡ್. ನಿಮ್ಮ ಗಾಡಿಯದ್ದು ಡಿ-ಮಾದರಿ, ಅನುಪಾತ 0.802. 1967ರ ಕೊನೆಗೆ ಬಂದ ಮಾರ್ಕ್ 2ರಲ್ಲಿ (ಎರಡನೇ ಆವೃತ್ತಿ) ಎಲ್ಲ ಗೇರಿಗೂ ಸಿಂಕ್ರೊಮೆಶ್ (ಗೇರ್ ಸದ್ದಿಲ್ಲದೆ ಬೀಳಿಸುವ ವ್ಯವಸ್ಥೆ) ಇರುವ ಬಾಕ್ಸ್ ಮತ್ತು ಎಲ್‌ಎಚ್ ಓವರ್‌ಡ್ರೈವ್, ಅನುಪಾತ 0.82. ನಿಮ್ಮದರಂಥ ಮಾರ್ಕ್ 1ರಲ್ಲಿ ಮೊದಲನೇ ಗೇರಿಗೆ ಸಿಂಕ್ರೊ ಇಲ್ಲ. ಗಾಡಿ ನಿಧಾನವಾಗಿ ಚಲಿಸುವಾಗ ಮೊದಲನೇ ಗೇರ್ ಸದ್ದಿಲ್ಲದೆ ಬಿದ್ದರೆ ಬಾಕ್ಸ್ ಬದಲಾಗಿದೆಯೇ ಎಂದು ಅನುಮಾನಿಸಿ.

ಡಿ-ಮಾದರಿಯ ಕಾರ್ಖಾನೆ ಅಳವಡಿಕೆಯಲ್ಲಿ ಡ್ಯಾಶ್‌ಬೋರ್ಡಿನ ಟಾಗಲ್ ಸ್ವಿಚ್ ಜೊತೆ ಇನ್ನೂ ಮೂರು ಇರಬೇಕು: ರಿಲೇ, ಗೇರ್‌ಬಾಕ್ಸ್ ಮೇಲಿನ ತಡೆಸ್ವಿಚ್, ಇನ್‌ಲೆಟ್ ಮ್ಯಾನಿಫೋಲ್ಡಿನಿಂದ ಕೊಳವೆ ಪಡೆಯುವ ವ್ಯಾಕ್ಯೂಮ್ ಸ್ವಿಚ್. ಆಕ್ಸಿಲರೇಟರ್ ಬಿಟ್ಟಾಗ ಓವರ್‌ಡ್ರೈವ್ ಧಡಕ್ಕನೆ ಕಳಚಿಕೊಳ್ಳದಂತೆ ವ್ಯಾಕ್ಯೂಮ್ ಸ್ವಿಚ್ ತಡೆಯುತ್ತದೆ. ಆಮೇಲೆ ಹಾಕಿಸಿದ ಗಾಡಿಗಳಲ್ಲಿ ಇದನ್ನು ಬಿಡುವುದೇ ಹೆಚ್ಚು. ಮೂಲ ಗಾಡಿಗಳಲ್ಲೂ ಕೆಟ್ಟಾಗ ಕಿತ್ತು ನೇರ ತಂತಿ ಎಳೆದಿರುತ್ತಾರೆ. ಆದ್ದರಿಂದ ಅದು ಇದ್ದರೆ ಒಳ್ಳೆಯ ಸಾಕ್ಷಿ, ಇಲ್ಲದಿದ್ದರೆ ಏನನ್ನೂ ಹೇಳಲಾಗದು. ಲೂಕಾಸ್ ಕಂಪನಿಯ ತಂತಿಬಣ್ಣದ ಪದ್ಧತಿಯಲ್ಲಿ ಓವರ್‌ಡ್ರೈವ್ ತಂತಿ ಹಳದಿ. ಮೂಲದ್ದಾದರೆ ಬಟ್ಟೆ ಸುತ್ತಿದ ಲೂಮಿನ (ತಂತಿಗಳ ಕಟ್ಟು) ಒಳಗಿಂದ ಬರುತ್ತದೆ.

ಸ್ವಿಚ್ ಒತ್ತಿದಾಗ ಸೊಲೆನಾಯ್ಡ್ ಟಕ್ ಎಂದರೆ ಸಾಲದು. ಡಿ-ಮಾದರಿಯದರಲ್ಲಿ ಎರಡು ಸುರುಳಿ: ಎಳೆಯುವಾಗ 15 ಆಂಪಿಯರ್‌ಗೂ ಹೆಚ್ಚು ಕರೆಂಟ್, ಹಿಡಿದಿಡುವಾಗ 1-2 ಆಂಪಿಯರ್ ಮಾತ್ರ. ರಿಲೇ ಹಾಕಿದ್ದೇ ಇದಕ್ಕಾಗಿ. ಅಮ್ಮೀಟರ್ ಇಟ್ಟಾಗ ಕರೆಂಟ್ ಇಳಿಯದಿದ್ದರೆ ಒಳಗಿನ ಸಂಪರ್ಕ ಬಿಡುತ್ತಿಲ್ಲ, ಸುರುಳಿ ಸ್ವಲ್ಪ ಹೊತ್ತಿನಲ್ಲಿ ಸುಡುತ್ತದೆ. ತಡೆಸ್ವಿಚ್ ಕಡ್ಡಾಯವಾಗಿ ಕೆಲಸ ಮಾಡಬೇಕು. ಓವರ್‌ಡ್ರೈವ್ ಹಿಡಿದಿರುವಾಗ ರಿವರ್ಸ್ ಹಾಕಿದರೆ ಒಳಗಿನ ಏಕಮುಖ ಕ್ಲಚ್ ಮುರಿದು ಘಟಕವೇ ಹಾಳು.

ಓಡಿಸುವಾಗ ಪರೀಕ್ಷೆ: ನಾಲ್ಕನೇ ಗೇರಿನಲ್ಲಿ 3000 ಆರ್‌ಪಿಎಂ ಇಟ್ಟು ಸ್ವಿಚ್ ಹಾಕಿ. ವೇಗ ಹಾಗೇ ಇದ್ದು ಎಂಜಿನ್ 2400ರ ಆಸುಪಾಸಿಗೆ ಇಳಿಯಬೇಕು. 3.909 ಅನುಪಾತದ ಆಕ್ಸಲಿನಲ್ಲಿ 1000 ಆರ್‌ಪಿಎಂಗೆ ಸುಮಾರು 17.9 ಮೈಲಿ ವೇಗವಿದ್ದದ್ದು ಓವರ್‌ಡ್ರೈವ್‌ನಲ್ಲಿ 22.3 ಆಗುತ್ತದೆ.

ಮೀಟರ್_ಮನೆ:
ಸ್ಪೀಡೋಮೀಟರನ್ನು ಯಾರೂ ಹೇಳಲಿಲ್ಲ. ಸ್ಮಿತ್ಸ್ ಮೀಟರಿನ ಮುಖದ ಕೆಳಭಾಗದಲ್ಲಿ ಸಣ್ಣಕ್ಷರದಲ್ಲಿ ಎಸ್‌ಎನ್ ಸಂಕೇತ, ಅದರ ಹತ್ತಿರ ಒಂದು ಸಂಖ್ಯೆ ಇರುತ್ತದೆ. ಗಾಡಿ ಒಂದು ಮೈಲಿ ಹೋದಾಗ ಕೇಬಲ್ ಎಷ್ಟು ಸುತ್ತು ತಿರುಗಬೇಕೆಂಬ ಸಂಖ್ಯೆ ಅದು. ಗೇರ್‌ಬಾಕ್ಸ್ ಬದಲಿಸಿದವರು ಮೀಟರ್ ಬದಲಿಸುವುದು ಅಪರೂಪ, ಅದೇ ನಮಗೆ ಸುಳಿವು.

ಅಳೆಯುವ ರೀತಿ ಹೀಗೆ. ಮೀಟರಿನ ಹಿಂದಿನಿಂದ ಕೇಬಲ್ ಬಿಚ್ಚಿ. ಒಳಕೇಬಲಿನ ತುದಿಗೆ ರಟ್ಟಿನ ಮುಳ್ಳು ಸಿಕ್ಕಿಸಿ. ಟಯರಿನ ಗಾಳಿ ಸರಿ ಇಟ್ಟು, ಸಮತಟ್ಟು ನೆಲದಲ್ಲಿ, ನ್ಯೂಟ್ರಲ್‌ನಲ್ಲಿ ಗಾಡಿಯನ್ನು ನೇರವಾಗಿ 52.8 ಅಡಿ, ಅಂದರೆ 16.09 ಮೀಟರ್ ತಳ್ಳಿ. ಅದು ಮೈಲಿಯ ನೂರನೇ ಒಂದು ಭಾಗ. ಮುಳ್ಳಿನ ಸುತ್ತು ಎಣಿಸಿ 100ರಿಂದ ಗುಣಿಸಿ. ಮೀಟರಿನ ಸಂಖ್ಯೆಗೂ ಇದಕ್ಕೂ ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸ ಟಯರಿನಿಂದ ಬರಬಹುದು. ಹತ್ತು ಇಪ್ಪತ್ತರಷ್ಟು ಬಂದರೆ ಮೀಟರ್, ಗೇರ್‌ಬಾಕ್ಸ್, ಆಕ್ಸಲ್ ಮೂರರಲ್ಲೊಂದು ಬೇರೆ ಗಾಡಿಯದ್ದು.

ಮಾರ್ಕ್ 2 ನೋಡುವವರಿಗಾಗಿ ಇಷ್ಟು: ಎಲ್‌ಎಚ್ ಓವರ್‌ಡ್ರೈವ್‌ನಲ್ಲಿ ಮೊದಲಿನ ಕಪ್ಪು ಲೇಬಲ್ಲಿನವು 1280, ಆಮೇಲಿನ ನೀಲಿ ಲೇಬಲ್ಲಿನವು 1000. ತಳ್ಳಿದಾಗ ಕ್ರಮವಾಗಿ 12.8 ಮತ್ತು 10 ಸುತ್ತು. 1280ರ ಮೀಟರಿಗೆ ನೀಲಿ ಲೇಬಲ್ ಬಾಕ್ಸ್ ಸೇರಿದರೆ ನಿಜವಾದ 60 ಮೈಲಿ ವೇಗದಲ್ಲಿ ಮುಳ್ಳು 47 ತೋರಿಸುತ್ತದೆ. ಓಡಿದ ಮೈಲಿಯೂ ಅಷ್ಟೇ ಕಡಿಮೆ ದಾಖಲಾಗಿರುತ್ತದೆ.

ಹಳೇ_ಲಾಗ್‌ಬುಕ್:
ಮೂಲ ಬಣ್ಣ ಹುಡುಕುವ ಜಾಗಗಳು: ಹಿಂದಿನ ದೀಪದ ಗಾಜು ಬಿಚ್ಚಿದ ಒಳಗೆ, ಬಾಗಿಲಿನ ಟ್ರಿಮ್ ಹಲಗೆಯ ಹಿಂದೆ, ಡ್ಯಾಶ್‌ಬೋರ್ಡ್ ಅಡಿ. ಬಾನೆಟ್ ಅಡಿ ನೋಡಿ ಮೋಸಹೋಗಬೇಡಿ, ಬಾನೆಟ್ ಬದಲಾಗುವುದು ಸಾಮಾನ್ಯ. 1966ರ ಮೂಲ ಬಾನೆಟ್ ಅಲ್ಯೂಮಿನಿಯಂ, ಅಯಸ್ಕಾಂತ ಹಿಡಿಯಬಾರದು.

ಹೀಟರ್ ಬಗ್ಗೆ ಒಂದು ಮಾತು. ಈಗಿನವರಿಗೆ ವಿಚಿತ್ರ ಅನ್ನಿಸಬಹುದು, ಆಗ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಹೀಟರಿಗೂ ಬೇರೆ ಹಣ ಕೊಡಬೇಕಿತ್ತು. ರೋಡ್‌ಸ್ಟರಿನ ಮುಂದಿನ ಆ್ಯಂಟಿ-ರೋಲ್ ಬಾರ್ ಕೂಡ 1966ರ ನವೆಂಬರ್‌ವರೆಗೆ ಐಚ್ಛಿಕವೇ. ಹುಡ್‌ನಲ್ಲಿ ಕಳಚಿ ಡಿಕ್ಕಿಯಲ್ಲಿಡುವ ಮಾದರಿ ಸಾಮಾನ್ಯ, ಗಾಡಿಗೇ ಅಂಟಿಕೊಂಡು ಮಡಿಚುವ ಚೌಕಟ್ಟು ಹೆಚ್ಚುವರಿ. ಈ ಮೂರನ್ನೂ ಆಮೇಲೆ ಹಾಕಿಸುವುದು ಸುಲಭ, ಹಾಗಾಗಿ ಸರ್ಟಿಫಿಕೇಟ್ ಏನು ಹೇಳುತ್ತದೋ ಅದೇ ಕೊನೆ.

ಹೀಲಿ_ಹಂಬಲ:
ಬೆಲೆಯ ದೃಷ್ಟಿಯಿಂದ ಇದು ಎಷ್ಟು ಗಂಭೀರ ಎಂಬುದಕ್ಕೆ ಆಸ್ಟಿನ್-ಹೀಲಿ 100ಎಂ ನೋಡಿ. ಬಿಎನ್2 ಮಾದರಿಯ ಮೇಲೆ ಕಾರ್ಖಾನೆಯೇ ಕಟ್ಟಿದವು 640. ಅದಕ್ಕೆ ಹಾಕುವ ಲ ಮಾನ್ ಎಂಬ ಬಿಡಿಭಾಗಗಳ ಕಿಟ್ಟನ್ನು ಬಿಡಿಯಾಗಿಯೂ ಮಾರುತ್ತಿದ್ದರು: ಒಂದೂಮುಕ್ಕಾಲು ಇಂಚಿನ ಎಸ್‌ಯು ಕಾರ್ಬ್ಯುರೇಟರ್ ಜೋಡಿ, ತಣ್ಣನೆ ಗಾಳಿ ಒದಗಿಸುವ ಪೆಟ್ಟಿಗೆ, ಬೇರೆ ಕ್ಯಾಮ್‌ಶಾಫ್ಟ್. ಹಾಗಾಗಿ ಸೀಳುಗಳಿರುವ ಬಾನೆಟ್, ಅದರ ಮೇಲಿನ ಚರ್ಮದ ಪಟ್ಟಿ ಕಂಡ ಮಾತ್ರಕ್ಕೆ ಅದು 100ಎಂ ಆಗದು. ಹೀಲಿಯಲ್ಲಿ ಒಂದು ಅನುಕೂಲವಿದೆ: ಬಾನೆಟ್, ಡಿಕ್ಕಿ ಮುಚ್ಚಳ, ಕಾಕ್‌ಪಿಟ್ ಅಂಚಿನ ಪಟ್ಟಿಗಳ ಒಳಬದಿಯಲ್ಲಿ ಬಾಡಿ ನಂಬರ್ ಒತ್ತಿರುತ್ತಾರೆ. ಅವು ಪರಸ್ಪರ ತಾಳೆಯಾಗಬೇಕು.

ಕಾವೇರಿ_ಕವೆಂಟ್ರಿ:
ಫೋಟೋಗಳೂ ಸರ್ಟಿಫಿಕೇಟೂ ಬಂದಿವೆ.
ಸರ್ಟಿಫಿಕೇಟ್: ಎಂಜಿನ್ 18ಜಿಬಿ-ಆರ್‌ಯು-ಎಚ್. ಬಣ್ಣ ಓಲ್ಡ್ ಇಂಗ್ಲಿಷ್ ವೈಟ್, ಟ್ರಿಮ್ ಕೆಂಪು. ಆಯ್ಕೆಗಳು ಓವರ್‌ಡ್ರೈವ್, ಹೀಟರ್, ಮಡಿಚುವ ಹುಡ್. ವೈರ್ ಚಕ್ರದ ಹೆಸರಿಲ್ಲ.
ಗಾಡಿ: ಬಾಡಿ ನಂಬರ್ ತಾಳೆ. ಎಂಜಿನ್ ತಗಡಿನಲ್ಲಿ 48ಜಿ, ವಿ5ಸಿಯಲ್ಲಿ ಇನ್ನೂ ಹಳೆಯ 18ಜಿಬಿ ನಂಬರ್. ಹಿಂದಿನ ದೀಪದೊಳಗೆ ಬಿಳಿ ಬಣ್ಣ. ಆಕ್ಸಲಿಗೆ ಹಿಂಮುಚ್ಚಳ ಇದೆ.

ಅರ್ಧ_ಇಂಚು_ಸ್ಪ್ಯಾನರ್:
ಬಹಳ ಸ್ಪಷ್ಟವಾದ ಚಿತ್ರ. ಬಾಡಿ ನಂಬರೂ ಬಿಳಿ ಬಣ್ಣವೂ ಸೇರಿ ಇದು ಆ ಸರ್ಟಿಫಿಕೇಟಿನ ಗಾಡಿಯೇ, ಶೆಲ್ಲೂ ಮೂಲದ್ದು ಎಂದು ಹೇಳುತ್ತಿವೆ. ಓವರ್‌ಡ್ರೈವ್ ಅಬಿಂಗ್ಡನ್‌ನದ್ದು. ಆದರೆ ಈಗ ಕೆಳಗಿರುವ ಬಾಕ್ಸ್ ಅದೇ ಎಂದು ಇನ್ನೂ ಗೊತ್ತಾಗಿಲ್ಲ. ಎಂಜಿನ್ ಬದಲಾದಾಗ ಬಾಕ್ಸ್ ಉಳಿಸಿಕೊಂಡಿರಬಹುದು. ಡಿ-ಮಾದರಿಯೇ ಎಂದು ಅಡಿಯಿಂದ ನೋಡಿ, ತಳ್ಳುವ ಪರೀಕ್ಷೆ ಮಾಡಿ. ಆಕ್ಸಲ್ ಮತ್ತು ವೈರ್ ಚಕ್ರ ಆಮೇಲೆ ಸೇರಿದವು.

ಚಕ್ರ_ಪರೀಕ್ಷಕ:
ಆಕ್ಸಲ್ ಬದಲಾಗಿದೆ ಎಂದು ಖಚಿತವಾದ್ದರಿಂದ ನಾಲ್ಕೂ ಹಬ್ಬಿನ ಮರೆ ಮತ್ತು ದಿಕ್ಕು ನೋಡದೆ ಪರೀಕ್ಷಾ ಓಡಾಟ ಬೇಡ. ವೈರ್ ಚಕ್ರದ ಆಕ್ಸಲೋ ಅಡಾಪ್ಟರೋ ಎಂಬುದನ್ನು ಚಕ್ರ ಕಳಚಿ ನೋಡಿ. ಅಡಾಪ್ಟರ್ ಆಗಿದ್ದರೆ ನಾನಾಗಿದ್ದರೆ ಡಿಸ್ಕ್ ಚಕ್ರಕ್ಕೇ ಮರಳುತ್ತಿದ್ದೆ. ಗಾಡಿ ಮೊದಲು ಓಡಿದ್ದೂ ಅದರ ಮೇಲೆಯೇ.

ಟಿಆರ್_ಬಳಗ:
ಇಲ್ಲಿ ನನ್ನ ಅಭಿಪ್ರಾಯ ಬೇರೆ. ಸರಿಯಾದ ವೈರ್ ಚಕ್ರದ ಆಕ್ಸಲ್ ಇದ್ದು ಚೆನ್ನಾಗಿ ಓಡುತ್ತಿದ್ದರೆ ಬಿಡಿ. ಕೊಳವೆ ಆಕ್ಸಲ್ ಬ್ಯಾಂಜೋಗಿಂತ ನಿಶ್ಶಬ್ದ, ಗಟ್ಟಿ. ಜಾಹೀರಾತಿನ ಮಾತನ್ನು ತಿದ್ದಿಸಿ, ಬೆಲೆ ಅದಕ್ಕೆ ತಕ್ಕಂತೆ ಮಾತಾಡಿ, ಬದಲಾವಣೆಗಳನ್ನು ಫೈಲಿನಲ್ಲಿ ಬರೆದಿಡಿ.

ಹಳೇ_ಲಾಗ್‌ಬುಕ್:
ಎಂಜಿನ್ ವಿಷಯದಲ್ಲಿ ಒಂದು ಕೋರಿಕೆ. "ನಂಬರ್ ತಾಳೆಯಾಗಲಿ" ಎಂದು ಹೊಸ ತಗಡಿಗೆ 18ಜಿಬಿ ನಂಬರ್ ಒತ್ತಿಸಿ ಹಾಕಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. 48ಜಿ ತಗಡು ಈ ಗಾಡಿಯ ನಿಜವಾದ ಚರಿತ್ರೆ, ಅದು ಅಲ್ಲೇ ಇರಲಿ. ಕೊಂಡ ಮೇಲೆ ವಿ5ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸಿ. ಸರ್ಟಿಫಿಕೇಟ್, ತಗಡಿನ ಫೋಟೋ, ದೀಪದೊಳಗಿನ ಬಿಳಿ ಬಣ್ಣದ ಫೋಟೋ ಮೂರನ್ನೂ ಒಟ್ಟಿಗೆ ಇಡಿ. ಮುಂದೆ ಯಾರಾದರೂ ಪೂರ್ತಿ ಬಣ್ಣ ಬಳಿದರೆ ಆ ಬಿಳಿ ಮತ್ತೆ ಕಾಣಸಿಗದು.

ಕಾವೇರಿ_ಕವೆಂಟ್ರಿ:
ಆಗಲಿ. ಶನಿವಾರ ಜ್ಯಾಕ್, ಟೇಪು, ರಟ್ಟಿನ ಮುಳ್ಳು ಹಿಡಿದು ಹೋಗುತ್ತೇನೆ. ಹಬ್ಬಿನ ಮರೆ ಮತ್ತು ತಳ್ಳುವ ಪರೀಕ್ಷೆಯ ಸುತ್ತಿನ ಲೆಕ್ಕವನ್ನು ಇಲ್ಲೇ ಹಾಕುತ್ತೇನೆ.